ಮೂರು ಬಾಗಿಲ ಮನೆಯ ಅಡುಗೆಯವಳು

‘ಮೂರು ಬಾಗಿಲ ಮನೆ’ ಸಿನಿಮಾ ನೋಡಿದವರು ನನ್ನ ಖಾನಾವಳಿಗೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ. ಆ ತಾಯಿ, ಆ ಮೂವರು ಮಕ್ಕಳು ನಿಜವಾಗಿಯೂ ಒಂದೇ ಮನೆಯವರಾ? ಅಲ್ಲ ಎಂದರೆ ನಂಬುವುದಿಲ್ಲ. ಅದೇ ಹುಬ್ಬು, ಅದೇ ಗದ್ದದ ಕುಳಿ, ನಗುವಾಗ ಎಡಗಣ್ಣು ಒಂದು ಚೂರು ಮೊದಲೇ ಮುಚ್ಚಿಕೊಳ್ಳುವುದು, ಇದನ್ನೆಲ್ಲ ಬಣ್ಣ ಹಚ್ಚಿ ಮಾಡಲಿಕ್ಕಾಗುತ್ತದೆಯೇ ಎಂದು ನನಗೇ ಬುದ್ಧಿ ಹೇಳುತ್ತಾರೆ. ಊಟದ ದೃಶ್ಯಕ್ಕೆ ಯಾವ ಕಂಪ್ಯೂಟರ್ ಬಳಸಿದರು ಎಂದು ಕೇಳಿದವರೂ ಇದ್ದಾರೆ. ಬಳಸಿದ್ದು ನನ್ನ ಎರಡು ಒಲೆ, ಒಂದು ಹಂಚು, ಒಂದು ಚೀಲ ಜೋಳದ ಹಿಟ್ಟು. ಪತ್ರಿಕೆಯವರು ಅರ್ಧಂಬರ್ಧ ಬರೆದರು, ನಿರ್ದೇಶಕರು ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಎಂದು ಸುಮ್ಮನಾದರು. ನನಗೆ ಆ ಸಂಕೋಚವಿಲ್ಲ.

ನಮ್ಮ ಊರಿನಲ್ಲಿ ಒಂದೇ ಒಲೆಯ ಊಟ ನಲವತ್ತು ದಿನ ಉಂಡವರ ಮುಖಗಳು ಕೂಡುತ್ತವೆ. ಹೊಸ ಸೊಸೆ ಎರಡು ತಿಂಗಳಾಗುವಷ್ಟರಲ್ಲಿ ಅತ್ತೆಯ ಮೂಗಿನವಳಾಗುತ್ತಾಳೆ. ಅಣ್ಣತಮ್ಮಂದಿರು ಯುಗಾದಿಗೆ ಬೇರೆ ಒಲೆ ಹೂಡಿದರೆ ಕಾರಹುಣ್ಣಿಮೆಯ ಹೊತ್ತಿಗೆ ಅವರಿಬ್ಬರೂ ಒಂದೇ ತಾಯಿಯ ಮಕ್ಕಳೆಂದು ಹೇಳಲಾಗುವುದಿಲ್ಲ. ನಮ್ಮ ಪೋಸ್ಟ್‌ಮನ್ ವಿಳಾಸ ಓದುವುದಿಲ್ಲ, ಎದುರಿಗೆ ಸಿಕ್ಕವರ ಮುಖ ನೋಡಿ ಆ ಮನೆಯ ಕಾಗದ ಕೈಗಿಡುತ್ತಾನೆ. ಮದುವೆಯಾದ ನಲವತ್ತನೆಯ ದಿನ ಗಂಡ ಹೆಂಡತಿ ದುಂಡಪ್ಪನ ಕಟಿಂಗ್ ಅಂಗಡಿಗೆ ಹೋಗಿ ದೊಡ್ಡ ಕನ್ನಡಿಯ ಮುಂದೆ ಜೋಡಿಯಾಗಿ ನಿಲ್ಲಬೇಕು. ದುಂಡಪ್ಪ ಇಬ್ಬರ ಹಣೆ, ಕಿವಿ, ಗದ್ದ ನೋಡಿ ‘ಕೂಡೇತಿ’ ಎಂದರೆ ಬೀಗರು ಸಕ್ಕರೆ ಹಂಚುತ್ತಾರೆ. ಊರಿನ ಅಷ್ಟೂ ಮುಖಗಳು ಅವನ ಕೈಯಲ್ಲಿ ಹಾದುಹೋಗುವುದರಿಂದ ಅವನ ಮಾತೇ ಕೊನೆಯ ಮಾತು.

ನಾನೂ ಆ ಕನ್ನಡಿಯ ಮುಂದೆ ನಿಂತವಳೇ. ನನ್ನ ಗಂಡ ಪರವೂರಿನವನು, ಬಸ್ ಕಂಡಕ್ಟರ್. ಆತನ ಹೆಸರು ನಾನು ಹೇಳುವುದಿಲ್ಲ, ಮರ್ಯಾದೆಗಲ್ಲ, ಬೇಸರಕ್ಕೆ. ದುಂಡಪ್ಪ ಮೂರು ಸಲ ನೋಡಿ ತಲೆ ಅಲ್ಲಾಡಿಸಿದ. ಎಂಬತ್ತನೆಯ ದಿನ ಮತ್ತೆ ನಿಂತೆವು. ಆಮೇಲೆ ವರ್ಷಕ್ಕೊಮ್ಮೆ ನಿಂತೆವು. ಒಂಬತ್ತು ವರ್ಷ ನನ್ನ ಕೈಯ ರೊಟ್ಟಿ ಉಂಡ ಮೇಲೂ ಆತನ ಮುಖ ಆತನದೇ, ನನ್ನದು ನನ್ನದೇ. ‘ನಿನ್ನ ಒಲಿ ಸತ್ತದ’ ಎಂದು ಹೇಳಿ ಆತ ದೂರದ ಡಿಪೋಕ್ಕೆ ವರ್ಗ ಮಾಡಿಸಿಕೊಂಡು ಹೊರಟುಹೋದ.

ಮುಖ ಕೂಡಿಸದ ಒಲೆಯಿಂದಲೂ ಒಂದು ಉಪಯೋಗವುಂಟು. ಬ್ಯಾಂಕಿಗೆ ವರ್ಗವಾಗಿ ಬಂದವರು, ಔಷಧಿ ಕಂಪನಿಯ ಏಜೆಂಟರು, ಹೊಸ ಮೇಷ್ಟ್ರುಗಳು, ಇವರಿಗೆಲ್ಲ ರಜೆಗೆ ಹೋದಾಗ ಹೆಂಡತಿ ಮಕ್ಕಳು ಗುರುತು ಹಿಡಿಯಬೇಕಲ್ಲ. ಅವರೆಲ್ಲ ಆತ ಹೋದ ಮೇಲೆ ನಾನು ತೆರೆದ ಖಾನಾವಳಿಯಲ್ಲೇ ಉಂಡರು. ಹದಿನಾಲ್ಕು ವರ್ಷ ಒಂದು ಮೇಜೂ ಖಾಲಿ ಇರಲಿಲ್ಲ. ಆದರೆ ಮದುವೆ, ಬಸುರಿಯರ ಕುಬಸ, ಕೂಸಿನ ತೊಟ್ಟಿಲು ಎಂದರೆ ನನ್ನನ್ನು ಒಲೆಯ ಹತ್ತಿರ ಯಾರೂ ಬಿಡುತ್ತಿರಲಿಲ್ಲ. ನನ್ನ ಸ್ವಂತ ತಂಗಿಯ ಮಗಳ ಮದುವೆಯಲ್ಲಿ ಒಲೆಗೆ ಬೆನ್ನು ಮಾಡಿ ಕೂತು ಉಳ್ಳಾಗಡ್ಡಿ ಹೆಚ್ಚಿದೆ. ಕಣ್ಣೀರಿಗೆ ಒಂದು ನೆಪವಾಯಿತು ಅಷ್ಟೆ. ‘ಮಹಾನಂದಾನ ಒಲಿ’ ಎಂದರೆ ಊರಲ್ಲಿ ಕೆಲಸಕ್ಕೆ ಬಾರದ್ದು ಎಂದು ಅರ್ಥವಾಗಿತ್ತು, ಅದು ನನಗೆ ನುಂಗಲಾರದ ತುತ್ತು.

ಸಿನಿಮಾದವರು ಬಂದದ್ದು ಊರಾಚೆಯ ಮೂರು ಬಾಗಿಲ ವಾಡೆ ಎಂಬ ಹಳೆಯ ದೊಡ್ಡ ಮನೆಗಾಗಿ. ಕಥೆ ಹೀಗೆ: ಒಬ್ಬ ತಾಯಿ, ಮೂವರು ಮಕ್ಕಳು, ಕೂಡಿ ಬಾಳಿದ ಮನೆ. ಮಕ್ಕಳು ಜಗಳವಾಡಿ ಮನೆ ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ಬಾಗಿಲು ಹಿಡಿಯುತ್ತಾರೆ. ಎಷ್ಟೋ ವರ್ಷದ ಮೇಲೆ ತಾಯಿ ಹಟ ಹಿಡಿದು ಎಲ್ಲರನ್ನೂ ಒಂದು ಊಟಕ್ಕೆ ಕೂಡಿಸುತ್ತಾಳೆ. ತಾಯಿಯ ಪಾತ್ರಕ್ಕೆ ಇಂದ್ರಾಣಿಯಮ್ಮ. ನಲವತ್ತು ವರ್ಷ ಬೆಳ್ಳಿತೆರೆಯ ಮೇಲೆ ತಾಯಿಯಾದವರು, ಅವರ ಮುಖ ಗೊತ್ತಿಲ್ಲದ ಮನೆಯಿಲ್ಲ. ಮಕ್ಕಳ ಪಾತ್ರಕ್ಕೆ ಸಿಕ್ಕವರಲ್ಲಿ ಹಿರಿಯನದು ಸಮುದ್ರದ ಕಡೆಯ ಉದ್ದ ಮುಖ, ಮಗಳದು ಬೆಟ್ಟದ ಕಡೆಯ ಚೂಪು ಮೂಗು, ಕಿರಿಯನದು ಬಟ್ಟಲಿನಂಥ ದುಂಡು ಮುಖ. ನಾಲ್ವರನ್ನೂ ಸಾಲಾಗಿ ನಿಲ್ಲಿಸಿದರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿರುವವರ ಹಾಗೆ ಕಾಣುತ್ತಿದ್ದರು.

ಊರಿಗೆ ಬಂದ ದಿನವೇ ದುಂಡಪ್ಪ ಅವರ ಮ್ಯಾನೇಜರನಿಗೆ ನನ್ನ ಖಾನಾವಳಿ ತೋರಿಸಿದ್ದ, ನಟರ ಮುಖಕ್ಕೆ ಅಪಾಯವಿಲ್ಲ ಎಂದು. ಮರುದಿನ ಬೆಳಿಗ್ಗೆ ನಿರ್ದೇಶಕ ನಿರಂಜನ ಓಡಿಬಂದರು. ಮೂವತ್ತು ದಾಟಿದ, ಸದಾ ಪೆನ್ನು ಕಚ್ಚುವ ಮನುಷ್ಯ. ಹಿಂದಿನಿಂದ ದುಂಡಪ್ಪನೂ ಬಂದ.

"ನಂದಮ್ಮ, ನಿಮ್ಮೂರಿನ ವಿಷ್ಯ ಈಗ ಗೊತ್ತಾಯ್ತು ನನಗೆ," ಎಂದರು ನಿರಂಜನ. "ನಾನು ಇಷ್ಟು ದಿನ ಹುಡುಕ್ತಿದ್ದಿದ್ದೇ ಅದು. ಇವರೆಲ್ಲ ಒಂದೇ ಮನೆಯವರ ಥರ ಕಾಣ್ಬೇಕು. ನೋಡಿದ್ರೆ ನಮ್ಮೋರು ಮುಖ ಕೂಡದೇ ಇರೋ ಒಲೆಗೇ ಊಟ ಹೇಳಿಬಿಟ್ಟಿದಾರೆ."

"ನಮ್ಮ ತಂಗಿ ಒಲಿ ಐತ್ರಿ ಸರ," ಎಂದ ದುಂಡಪ್ಪ. "ಇಪ್ಪತ್ತೈದ ದಿನಕ್ಕ ಕೂಡಸ್ತದ. ನಂದವ್ವನ ಒಲಿ ಕಡ್ಡಿ ಗೀರಿದ್ರ ಉರೀತದ, ಅಷ್ಟ."

ನಾನು ಹಿಟ್ಟು ನಾದುತ್ತಿದ್ದೆ. ಹದಿನಾಲ್ಕು ವರ್ಷ ಕೇಳಿ ಸುಮ್ಮನಿದ್ದ ಮಾತು ಅಂದು ಯಾಕೋ ನೆತ್ತಿಗೇರಿತು. ಕೈ ತೊಳೆಯದೆಯೇ ಎದ್ದು ನಿಂತೆ.

"ಇಪ್ಪತ್ತ ದಿನ ಕೊಡ್ರಿ ಸರ ನನಗ. ಕೂಡಲಿಲ್ಲಂದ್ರ ನಾನ ಹಿಟ್ಟಿನ ಬುಟ್ಟಿ ಹೊತ್ತು ಇವರ ತಂಗಿ ಮನಿಗೆ ಮುಟ್ಟಸ್ತೀನಿ."

"ಇಪ್ಪತ್ತು ದಿನ ನಾನು ಕ್ಯಾಮೆರಾ ಇಟ್ಕೊಂಡು ಏನ್ಮಾಡ್ಲಿ?"

"ಮನಿ ಒಡೆದ ಮ್ಯಾಲಿನದು ಮೊದಲ ತಗೀರಿ. ಈಗ ಹೆಂಗೂ ಒಬ್ಬರ ಮಾರಿ ಒಬ್ಬರಿಗಿಲ್ಲ. ಕೂಡಿದ್ದಾಗಿನದು ಕಡೀಕ ತಗೀರಿ."

ನಿರಂಜನ ಪೆನ್ನು ಬಾಯಿಂದ ತೆಗೆದರು. ಆ ಸಿನಿಮಾದ ಮೊದಲ ದೃಶ್ಯವನ್ನು ಕೊನೆಯ ದಿನ ಯಾಕೆ ತೆಗೆದರು ಎಂದು ಪತ್ರಿಕೆಗಳಲ್ಲಿ ಏನೇನೋ ಬಂತು. ಕಾರಣ ಇದು, ಹೇಳಿದವಳು ನಾನು, ಮೊಣಕೈತನಕ ಹಿಟ್ಟು ಮೆತ್ತಿಕೊಂಡು.

ಆ ಇಪ್ಪತ್ತು ದಿನ ನಾನು ಬೇಯಿಸಿದ ಹಾಗೆ ಹಿಂದೆಂದೂ ಬೇಯಿಸಿಲ್ಲ. ಝುಣಕ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದಕ್ಕೂ ಉಪ್ಪು ಒಂದು ಕಾಳು ಹೆಚ್ಚು ಕಡಿಮೆಯಾಗಲಿಲ್ಲ. ಕಿರಿಯ ನಟ ಮೊದಲ ವಾರದಲ್ಲೇ ಷರ್ಟಿನ ಗುಂಡಿ ಸಡಿಲಿಸಿದ. ಮಗಳಾದವಳು ಹಿಂಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಕಾಸ್ಟ್ಯೂಮಿನ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದಳು. ಜಗಳದ ದೃಶ್ಯದಲ್ಲಿ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದು ದುಃಖಕ್ಕಲ್ಲ, ಬಾಯಲ್ಲಿ ಶೇಂಗಾ ಹಿಂಡಿ ಇತ್ತು. ಎಲ್ಲರೂ ಉಂಡರು, ಇಂದ್ರಾಣಿಯಮ್ಮ ಒಬ್ಬರನ್ನು ಬಿಟ್ಟು. ಅವರು ತಮ್ಮದೇ ಪುಟ್ಟ ಕರೆಂಟ್ ಕುಕ್ಕರ್ ತಂದಿದ್ದರು. ಅದರಲ್ಲಿ ತಮ್ಮ ಕೈಯಾರೆ ಸೋರೆಕಾಯಿ, ಅನ್ನ ಬೇಯಿಸಿಕೊಂಡು ತಿನ್ನುತ್ತಿದ್ದರು.

"ಬೇಜಾರು ಮಾಡ್ಕೋಬೇಡಮ್ಮ," ಎಂದು ಒಮ್ಮೆ ನನ್ನನ್ನು ಕರೆದು ಹೇಳಿದರು. "ನಿನ್ನ ಒಲೆ ಏನೂ ಮಾಡಲ್ಲ ಅಂತಾರೆ. ಆದ್ರೂ ನನಗೆ ಇರೋದು ಇದೊಂದೇ ಮುಖ. ಅದು ಹೋದ್ರೆ ನಾನು ಯಾರು ಹೇಳು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಮನಸ್ಸಿಗೆ ಚುರುಕ್ಕೆಂದಿತು.

ಇಪ್ಪತ್ತನೆಯ ದಿನ ಕಥೆಯ ಕೊನೆಯ ಊಟದ ದೃಶ್ಯ ಶುರುವಾಯಿತು. ತಾಯಿ, ಮಕ್ಕಳು ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೇ ಸಾಲಿನಲ್ಲಿ ಉಣ್ಣಬೇಕು. ಮೊದಲ ಶಾಟ್ ಮುಗಿಯುತ್ತಿದ್ದಂತೆ ದುಂಡಪ್ಪ ಕೈಗನ್ನಡಿ ಹಿಡಿದು ಬಂದ. ಮೂವರ ಮುಖವನ್ನೂ ತಿರುಗಿಸಿ ತಿರುಗಿಸಿ ನೋಡಿದ. ಊರಿನ ಅರ್ಧ ಜನ ಕಿಟಕಿಯಲ್ಲಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಒಂದ ಹುಬ್ಬಿನ ಕೂದಲಾನೂ ಅಲ್ಲಾಡಿಲ್ಲ," ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಅಷ್ಟು ಹೇಳಲೇಬೇಕು. ಕಿಟಕಿಯಲ್ಲಿದ್ದವರೇ ಒಬ್ಬರಿಗೊಬ್ಬರು ನೋಡಿ ನಕ್ಕರು.

ನಾನು ಬುಟ್ಟಿಗೆ ಹಿಟ್ಟು ತುಂಬತೊಡಗಿದೆ. ಆಗ ವಿಭಾ ಅಡ್ಡ ಬಂದಳು. ಅವಳು ನಿನ್ನೆಯ ಶಾಟಿಗೂ ಇಂದಿನ ಶಾಟಿಗೂ ಎಲ್ಲ ತಾಳೆಯಾಗುತ್ತದೆಯೇ ಎಂದು ಫೋಟೋ ಹಿಡಿದು ನೋಡುವವಳು. "ಸರ್, ಈ ಸೀನ್ ಮುಗಿಯೋವರೆಗೂ ಅಡುಗೆ ಬದಲಾಯಿಸೋ ಹಾಗಿಲ್ಲ. ಇವರ ರೊಟ್ಟಿ ಅಂಚಲ್ಲಿ ಹೆಬ್ಬೆರಳಿನ ಗುರುತು ಬೀಳುತ್ತೆ. ಆಗಲೇ ಶಾಟಲ್ಲಿ ಬಂದಿದೆ. ಬೇರೆ ರೊಟ್ಟಿ ಇಟ್ರೆ ಮ್ಯಾಚ್ ಆಗಲ್ಲ."

ಅದು ನನ್ನವ್ವನಿಂದ ಬಂದ ಚಾಳಿ. ರೊಟ್ಟಿ ಬಡಿದು ಎತ್ತುವಾಗ ಅಂಚಿಗೆ ಹೆಬ್ಬೆರಳು ಒತ್ತಿಬಿಡುತ್ತೇನೆ. ಆ ಗುರುತು ನನ್ನನ್ನು ಕೆಲಸದಲ್ಲಿ ಉಳಿಸಿತು. ಆ ದೃಶ್ಯ ಮುಗಿಯುವವರೆಗೆ ನಾನು, ಆಮೇಲೆ ದುಂಡಪ್ಪನ ತಂಗಿ ಎಂದು ತೀರ್ಮಾನವಾಯಿತು.

ಆ ಪಡಸಾಲೆಗೆ ಮೂರೂ ಬಾಗಿಲಿನಿಂದ ಬಿಸಿಲು ಬರುವುದು ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ. ಒಂದು ದಿನಕ್ಕೆ ಐದು ಸಲ ತೆಗೆಯುವಷ್ಟೇ ಹೊತ್ತು. ಒಂದು ದಿನ ಹಿರಿಯನಿಗೆ ಬಿಕ್ಕಳಿಕೆ, ಒಂದು ದಿನ ಮೋಡ, ಮತ್ತೊಂದು ದಿನ ನೆರೆಮನೆಯ ಎಮ್ಮೆ ಸರಿಯಾಗಿ ತಾಯಿಯ ಮಾತಿನ ನಡುವೆಯೇ ಕೂಗಿತು. ಹೀಗೆ ಎಂಟು ದಿನ ಹಿಡಿಯಿತು. ನಾಲ್ವರೂ ದಿನಕ್ಕೆ ಐದು ಸಲ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು, ಐದು ಸಲ ಉಂಡರು. ಇಂದ್ರಾಣಿಯಮ್ಮನ ತಟ್ಟೆಯಲ್ಲಿ ಎಣ್ಣೆಗಾಯಿಯಂತೆ ಕಾಣುವುದು ಅವರದೇ ಕುಕ್ಕರಿನ ಸೋರೆಕಾಯಿ, ಬೀಟ್‌ರೂಟ್ ರಸದಲ್ಲಿ ಅದ್ದಿದ್ದು. ನನ್ನ ರೊಟ್ಟಿಯನ್ನು ಚಂದವಾಗಿ ಮುರಿಯುತ್ತಿದ್ದರು, ತಟ್ಟೆಯಲ್ಲೇ ಬಿಡುತ್ತಿದ್ದರು. ನೋಡಿದವರಿಗೆ ಗೊತ್ತಾಗಬಾರದು, ಅದು ಅವರ ಕಸುಬಿನ ಗತ್ತು.

ಎಂಟನೆಯ ದಿನ ಐದನೆಯ ಶಾಟ್ ಆದ ಮೇಲೆ ವಿಭಾ ಫೋಟೋಗಳನ್ನು ಹರಡಿಕೊಂಡು ಅಳುವ ದನಿಯಲ್ಲಿ ಹೇಳಿದಳು: "ಸರ್, ಏನೋ ತಪ್ಪಾಗಿದೆ. ತಟ್ಟೆ ಸರಿ ಇದೆ, ಲೋಟ ಸರಿ ಇದೆ, ಮುಖಗಳು ಮ್ಯಾಚ್ ಆಗ್ತಿಲ್ಲ."

ಎಲ್ಲರೂ ಮಾನಿಟರಿಗೆ ಮುಗಿಬಿದ್ದರು. ಮೊದಲ ದಿನದ ಶಾಟಿನಲ್ಲಿ ಪರಕೀಯರಂತೆ ಕೂತಿದ್ದ ಮೂವರು, ಕೊನೆಯ ದಿನದ ಶಾಟಿನಲ್ಲಿ ಒಡಹುಟ್ಟಿದವರು. ಉದ್ದ ಮುಖ ಗಿಡ್ಡಾಗಿತ್ತು, ದುಂಡು ಮುಖಕ್ಕೆ ಗದ್ದ ಬಂದಿತ್ತು, ಮೂವರದೂ ಎಡಗಣ್ಣು ಒಟ್ಟಿಗೆ ಕಿರಿದಾಗುತ್ತಿತ್ತು. ಯಾರೋ ಅಂಗಡಿಗೆ ಓಡಿ ದುಂಡಪ್ಪನನ್ನು ಎಳೆತಂದರು. ಅವನ ಹೆಗಲ ಮೇಲೆ ಗಿರಾಕಿಗೆ ಹೊದಿಸುವ ಬಟ್ಟೆ ಹಾಗೇ ಇತ್ತು. ಮೂವರನ್ನೂ ಬೆಳಕಿಗೆ ನಿಲ್ಲಿಸಿ ಕಿವಿಯ ಹಾಲೆ ಮುಟ್ಟಿ ನೋಡಿದ.

"ಕೂಡೇತಿ," ಎಂದ ಕೊನೆಗೆ.

ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ, ಸಿಟ್ಟಿಗೂ ಅತ್ತೆ.

"ಒಲಿಗೆ ತಡಾ ಮಾಡಿ ಬುದ್ಧಿ ಬಂದದ," ಎಂದು ದುಂಡಪ್ಪ ಕಿಟಕಿಯ ಕಡೆ ತಿರುಗಿ ತೀರ್ಪು ಹೇಳುತ್ತಿದ್ದ. ಅಷ್ಟರಲ್ಲಿ ವಿಭಾ ಮೆಲ್ಲಗೆ, "ಇಂದ್ರಾಣಿ ಮೇಡಂ ಮುಖಾನೂ ನೋಡಿ," ಎಂದಳು.

ನೋಡಿದೆವು. ತಾಯಿಯ ಗದ್ದದಲ್ಲೂ ಅದೇ ಕುಳಿ. ನಲವತ್ತು ವರ್ಷ ನಾಡೆಲ್ಲ ಕಂಡ ಆ ಹುಬ್ಬು ಈಗ ಮಕ್ಕಳ ಹುಬ್ಬಾಗಿತ್ತು. ಇಂದ್ರಾಣಿಯಮ್ಮ ಕನ್ನಡಿಯನ್ನು ಕಸಿದುಕೊಂಡು ನೋಡಿಕೊಂಡರು. ಎದ್ದು ಒಳಗೆ ಹೋದರು. ಸಿನಿಮಾ ಬಿಟ್ಟು ಹೊರಟೇಹೋದರೆಂದೇ ನಾವೆಲ್ಲ ತಿಳಿದೆವು. ಅವರು ಹೊರಗೆ ಬಂದದ್ದು ಕೈಯಲ್ಲಿ ಕುಕ್ಕರ್ ಹಿಡಿದುಕೊಂಡು. ಅದನ್ನು ದುಂಡಪ್ಪನ ಎದುರಿಗಿಟ್ಟು ಮುಚ್ಚಳ ತೆಗೆದರು. ಒಳಗೆ ಅಂದಿನ ಸೋರೆಕಾಯಿ ಇತ್ತು.

"ನಂದಮ್ಮನ ಒಲೆದು ನಾನು ಒಂದು ತುತ್ತೂ ತಿಂದಿಲ್ಲ," ಎಂದರು. "ನನಗೆ ಯಾಕೆ ಕೂಡ್ತು, ಹೇಳಪ್ಪ."

ದುಂಡಪ್ಪ ಕುಕ್ಕರನ್ನು ನೋಡಿದ, ಅವರ ಮುಖ ನೋಡಿದ, ಮತ್ತೆ ಕುಕ್ಕರನ್ನು ನೋಡಿದ. ನನಗೆ ಮಾತ್ರ ನನ್ನ ಗಂಡ ಉಣ್ಣುತ್ತಿದ್ದ ರೀತಿ ನೆನಪಾಯಿತು.

ನನ್ನ ಗಂಡನ ಮನೆತನದಲ್ಲಿ ಗಂಡಸು ಮೊದಲು ಉಣ್ಣಬೇಕು, ಒಬ್ಬನೇ ಉಣ್ಣಬೇಕು. ಆತ ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದ. ನಾನು ಬಡಿಸಿ, ಆತ ಕೈ ತೊಳೆದು ಹೊರಗೆ ಹೋದ ಮೇಲೆ ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಜೊತೆಗೆ ಕೂರಲಿಲ್ಲ. ಖಾನಾವಳಿಯಲ್ಲೂ ಹಾಗೇ, ಒಬ್ಬರಿಗೊಂದು ಮೇಜು. ಮೊದಲ ಇಪ್ಪತ್ತು ದಿನ ಸಿನಿಮಾದವರೂ ಹಾಗೇ ಉಂಡರು, ಒಬ್ಬ ವ್ಯಾನಿನಲ್ಲಿ, ಒಬ್ಬಳು ಕಟ್ಟೆಯ ಮೇಲೆ, ಒಬ್ಬ ನಿಂತುಕೊಂಡು. ಆಮೇಲೆ ಎಂಟು ದಿನ, ದಿನಕ್ಕೆ ಐದು ಸಲ, ಒಟ್ಟು ನಲವತ್ತು ಸಲ ಸಾಲಿನಲ್ಲಿ ಕೂತರು. ಊರಿನ ಉಳಿದ ಮನೆಗಳಲ್ಲಿ ರಾತ್ರಿಯ ಊಟ ಎಲ್ಲರೂ ಕೂಡಿಯೇ ಉಣ್ಣುತ್ತಾರೆ, ನಲವತ್ತು ದಿನಕ್ಕೆ ನಲವತ್ತು ಸಲ. ಹಾಗಾಗಿ ಕೂಡಿಸುವುದು ಒಲೆಯೋ ಸಾಲೋ ಎಂದು ಯಾರಿಗೂ ನೋಡುವ ಪ್ರಸಂಗ ಬಂದಿರಲಿಲ್ಲ.

"ಒಲಿ ಅಲ್ಲ," ಎಂದೆ. ನನ್ನ ದನಿ ನನಗೇ ಹೊಸದೆನಿಸಿತು. "ದುಂಡಪ್ಪಣ್ಣ, ಒಂಬತ್ತ ವರ್ಷ ನನ್ನ ಕನ್ನಡಿ ಮುಂದ ನಿಲ್ಲಿಸಿದಿ. ಹೆಂಗ ಉಣ್ತೀರವ್ವಾ ಅಂತ ಒಂದ ಸಲಾನೂ ಕೇಳಲಿಲ್ಲ ನೀ."

ದುಂಡಪ್ಪ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮಡಚತೊಡಗಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. "ಕೇಳಬೇಕಾಗಿತ್ತು ನಂದವ್ವಾ," ಎಂದ. "ತಪ್ಪಾತು." ಕಿಟಕಿಯಲ್ಲಿದ್ದವರೆಲ್ಲ ಆ ಮಾತು ಕೇಳಿಸಿಕೊಂಡರು. ಹದಿನಾಲ್ಕು ವರ್ಷದ ಭಾರ ಆ ಒಂದು ಮಾತಿಗೆ ಇಳಿಯಿತು.

ಇಂದ್ರಾಣಿಯಮ್ಮ ಇನ್ನೂ ಕನ್ನಡಿ ಹಿಡಿದುಕೊಂಡೇ ಇದ್ದರು. ಬೇರೆ ಕಡೆ ಊಟ ಮಾಡಿದರೆ ಎರಡು ತಿಂಗಳಲ್ಲಿ ಹಳೆಯ ಮುಖ ಬರುತ್ತದೆ, ಹೆದರಬೇಡಿ ಎಂದು ನಾನು ಹೇಳಿದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಲವತ್ತು ವರ್ಷ ಎಷ್ಟು ಮಕ್ಕಳಿಗೆ ತಾಯಿಯಾದೆ," ಎಂದರು. "ಯಾರೊಬ್ಬರೂ ನನ್ನ ಹಾಗೆ ಇರ್ಲಿಲ್ಲ." ಆಮೇಲೆ ಕಿರಿಯ ನಟನ ಗದ್ದ ಹಿಡಿದು ನೋಡಿ ನಕ್ಕರು, ಎಡಗಣ್ಣು ಮೊದಲೇ ಮುಚ್ಚಿತು. ಕುಕ್ಕರನ್ನು ದುಂಡಪ್ಪನಿಗೇ ಕೊಟ್ಟುಬಿಟ್ಟರು. ಇವತ್ತಿಗೂ ಅವನು ಅದರಲ್ಲೇ ಗಿರಾಕಿಗಳ ಮುಖಕ್ಕೆ ಬಿಸಿನೀರು ಕಾಯಿಸುತ್ತಾನೆ.

ಉಳಿದ ಹತ್ತು ದಿನ ಊಟಕ್ಕೆ ಗಂಟೆ ಹೊಡೆದರೆ ಎಲ್ಲರೂ ಚಾಪೆಗೆ ಬರುತ್ತಿದ್ದರು. ಇಂದ್ರಾಣಿಯಮ್ಮ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಮೊದಲ ದಿನವೇ ನನ್ನ ಕೈಹಿಡಿದು ಪಕ್ಕಕ್ಕೆ ಎಳೆದು ಕೂರಿಸಿದರು. ಬಡಿಸುವವರಾರು ಎಂದು ನಾನು ಕೊಸರಾಡಿದೆ. ಒಂದು ತುತ್ತು ಬಾಯಿಗಿಟ್ಟಾಗ ನನ್ನ ಕೈಯ ಅಡುಗೆ ಇಷ್ಟು ರುಚಿ ಎಂದು ನನಗೆ ಮೊದಲ ಸಲ ಗೊತ್ತಾಯಿತು, ಯಾಕೆಂದರೆ ಅದು ಬಿಸಿಯಾಗಿತ್ತು. ಬೆಳಿಗ್ಗೆಯ ಚಹಾ, ಅವಲಕ್ಕಿ ಚೂಡಾದಿಂದ ಹಿಡಿದು ದಿನಕ್ಕೆ ನಾಲ್ಕು ಸಲ ಕೂತೆ. ಹತ್ತು ದಿನಕ್ಕೆ ಲೆಕ್ಕ ಸರಿಹೋಯಿತು.

ಕೊನೆಯ ದಿನ ಸಿನಿಮಾದ ಮೊದಲ ದೃಶ್ಯ ತೆಗೆದರು, ಮನೆ ಒಡೆಯುವ ಮುಂಚಿನ ಊಟ. ನಿರಂಜನ ನನ್ನನ್ನೂ ಸಾಲಿನಲ್ಲಿ ಕೂರಿಸಿದರು, ತಾಯಿಯ ತಂಗಿಯಾಗಿ, ಮಾತಿಲ್ಲದ ಪಾತ್ರ. ಆ ದೃಶ್ಯದಲ್ಲಿ ರೊಟ್ಟಿ ಬಡಿಸುವ ಒಂದು ಕೈ ಕಾಣುತ್ತದೆ, ಕೈ ಮಾತ್ರ. ಅದು ದುಂಡಪ್ಪನದು. ಅವನೇ ಕೇಳಿಕೊಂಡು ಮಾಡಿದ್ದು. ಮೊದಲ ರೊಟ್ಟಿ ನನ್ನ ತಟ್ಟೆಗೇ ಬೀಳುತ್ತದೆ, ನೋಡಿ.

ನಮ್ಮ ಊರಿನ ಟಾಕೀಸಿನಲ್ಲಿ ಸಿನಿಮಾ ಹಾಕಿದ ದಿನ ಬಾಲ್ಕನಿಯೂ ತುಂಬಿತ್ತು. ತೆರೆಯ ಮೇಲೆ ಆ ಸಾಲು ಬಂತು. ಐದು ಮುಖ, ಒಂದೇ ಮನೆ. ನನ್ನ ತಂಗಿಯ ಮಗಳು ನನ್ನನ್ನು ತೋರಿಸಿ ಏನೋ ಹೇಳುವಷ್ಟರಲ್ಲಿ ಕತ್ತಲಲ್ಲಿ ಒಂದು ದನಿ ‘ಕೂಡೇತಿ’ ಎಂದಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಟಾಕೀಸು. ಕೊನೆಗೆ ಹೆಸರುಗಳು ಬರುವಾಗ ಮೇಕಪ್ ಎಂಬಲ್ಲಿ ಇಬ್ಬರ ಹೆಸರಿತ್ತು, ಎರಡನೆಯದು ಮಹಾನಂದಾ, ಖಾನಾವಳಿ. ಮೇಕಪ್‌ನವನು ನಿರಂಜನರ ಜೊತೆ ಎರಡು ವಾರ ಮಾತು ಬಿಟ್ಟಿದ್ದನಂತೆ. ಆ ವರ್ಷ ಊರಿನ ಹನ್ನೊಂದು ಮದುವೆಗೆ ಒಲೆ ಹೂಡಿದವಳು ನಾನು.

ಖಾನಾವಳಿಯಲ್ಲಿ ಈಗ ಮೇಜುಗಳಿಲ್ಲ, ಉದ್ದಕ್ಕೆ ಒಂದು ಚಾಪೆ. ಬಾಗಿಲಿಗೆ ಬೋರ್ಡು ಹಾಕಿದ್ದೇನೆ: ತಮ್ಮ ಮುಖ ಬೇಕಾದವರು ಕಟ್ಟಿಸಿಕೊಂಡು ಹೋಗಿ, ಕೂಡುವವರು ಕೂತುಕೊಳ್ಳಿ. ಹೆಚ್ಚಿನವರು ಕೂಡುತ್ತಾರೆ. ಬ್ಯಾಂಕಿನ ಇಬ್ಬರು ಹೆಣ್ಣುಮಕ್ಕಳು, ಆಸ್ಪತ್ರೆಯ ನರ್ಸಮ್ಮ, ಹೈಸ್ಕೂಲಿನ ಮೂವರು, ಹೆಂಡತಿ ತೀರಿಕೊಂಡ ಮೇಲೆ ದುಂಡಪ್ಪ, ನಾನು, ಇನ್ನೂ ನಾಲ್ಕಾರು ಮಂದಿ. ಬುಟ್ಟಿ ನಡುವೆ ಇರುತ್ತದೆ, ಬೇಕಾದವರು ಹಾಕಿಕೊಳ್ಳುತ್ತಾರೆ.

ಕಳೆದ ಸೋಮವಾರ ಮಧ್ಯಾಹ್ನ ನಾವು ಉಣ್ಣುತ್ತಿರುವಾಗ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಕೂದಲು ಬಿಳಿಯಾಗಿತ್ತು, ಹೆಗಲಿಗೆ ಕಂಡಕ್ಟರರ ಚರ್ಮದ ಚೀಲ. ಮುಖ ಮಾತ್ರ ಇಪ್ಪತ್ತೈದು ವರ್ಷದ ಹಿಂದೆ ಕನ್ನಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಮುಖವೇ, ಅಷ್ಟೂ ಅದೇ. ಇಷ್ಟು ವರ್ಷ ಎಲ್ಲಿ ಉಂಡರೂ ಒಬ್ಬನೇ ಉಂಡಿದ್ದಾನೆ ಎಂದು ನನಗೆ ತಿಳಿಯಿತು. ಸಿಟ್ಟು ಬರಬೇಕಾಗಿತ್ತು. ಬಂದದ್ದು ಅಯ್ಯೋ ಎನ್ನುವ ಮರುಕ.

ಆತ ಸಾಲಿನ ಆ ತುದಿಯಿಂದ ಈ ತುದಿಗೆ ನೋಡಿದ. ಒಂದೊಂದೇ ಹೆಂಗಸಿನ ಮುಖ ನೋಡಿದ. ನನ್ನ ಮೇಲೆ ಕಣ್ಣು ಬಿತ್ತು, ನಿಲ್ಲಲಿಲ್ಲ, ಮುಂದಕ್ಕೆ ಹೋಯಿತು. ಮತ್ತೆ ಮೊದಲಿನಿಂದ ನೋಡಿದ.

"ಸಿನಿಮಾ ನೋಡಿ ಬಂದೀನ್ರಿ," ಎಂದ ಕೊನೆಗೆ. "ಇಲ್ಲಿ ಮಹಾನಂದಾ ಅನ್ನೋರು ಯಾರ್ರಿ?"

ನನ್ನ ಬಾಯಲ್ಲಿ ತುತ್ತಿತ್ತು. ಸಾಲಿನಲ್ಲಿ ಎಲ್ಲರ ಎಡಗಣ್ಣೂ ಸ್ವಲ್ಪ ಕಿರಿದಾಗಿತ್ತು. ದುಂಡಪ್ಪ ನನ್ನ ಕಡೆ ನೋಡಿದ. ಹೇಳಬೇಡ ಎಂದು ನಾನು ತಲೆ ಅಲ್ಲಾಡಿಸಿದೆ. ಅವನು ಸರಿದು ಚಾಪೆಯ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದ.

"ಕೂಡ್ರಿ," ಎಂದ. "ನಲವತ್ತ ದಿನಕ್ಕ ಗೊತ್ತಾಗ್ತದ."